ಒಬ್ಬ ಕೇಳುಗರಿಂದ ಶುರು: ಸ್ವಂತ ಹಾಡನ್ನು ವೇದಿಕೆಗೆ ಒಯ್ಯುವುದು ಹೇಗೆ? ಹಂತ ಹಂತವಾಗಿ

ನಿಮ್ಮ ಫೋನಿನ ವಾಯ್ಸ್ ರೆಕಾರ್ಡರ್ ಒಮ್ಮೆ ತೆರೆದು ನೋಡಿ. ಬೈಕ್ ಬದಿಗೆ ನಿಲ್ಲಿಸಿ ಗುನುಗಿದ್ದು, ಪಾತ್ರೆ ತೊಳೆಯುವಾಗ ಹೊಳೆದದ್ದು, ಮನೆಯವರೆಲ್ಲ ಮಲಗಿದ ಮೇಲೆ ಪಿಸುದನಿಯಲ್ಲಿ ಹಾಡಿಟ್ಟದ್ದು... ಅರ್ಧ ನಿಮಿಷ, ಮುಕ್ಕಾಲು ನಿಮಿಷದ ತುಣುಕುಗಳು ನಾಲ್ಕಾರಾದರೂ ಸಿಗುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಅದು ಪೂರ್ತಿ ಹಾಡಾಗಿ, ಜನರೆದುರು ನಿಂತು ನೀವೇ ಅದನ್ನು ಹಾಡುವವರೆಗೆ ನಾನು ಪಕ್ಕದಲ್ಲಿ ಇರುತ್ತೇನೆ.

ಭಯಪಡಬೇಡಿ. ಸಂಗೀತ ಶಾಲೆಗೆ ಹೋಗಿರಬೇಕೆಂದಿಲ್ಲ. ಸ್ವರಲಿಪಿ ಓದಲು ಬರಬೇಕೆಂದೂ ಇಲ್ಲ. ಶ್ರುತಿ ಬಿಡದೆ ಹಾಡಲು ಬಂದರೆ, ಗಿಟಾರಿನಲ್ಲಿ ಮೂರು ನಾಲ್ಕು ಕಾರ್ಡ್ಸ್ ಹಿಡಿಯಲು ಬಂದರೆ ಸಾಕು. ಗಿಟಾರ್ ಬಾರದಿದ್ದರೆ ಹಾರ್ಮೋನಿಯಂ, ಕೀಬೋರ್ಡ್, ದಮ್ಮಡಿ, ಯಾವುದಾದರೂ ನಡೆಯುತ್ತದೆ.

ತಾನೇ ಕಟ್ಟಿ ತಾನೇ ಹಾಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಪುರಂದರದಾಸರು ತಂಬೂರಿ ಹಿಡಿದು ಹಾಡಿದ್ದು ತಾವೇ ಕಟ್ಟಿದ ಪದಗಳನ್ನು. ಶಿಶುನಾಳ ಶರೀಫರು (1819–1889) ಶಾಲೆಯ ಮಾಸ್ತರಾಗಿದ್ದವರು. ಸೋರುವ ಮಾಳಿಗೆ, ತಿರುಗುವ ಗಿರಣಿ, ಕಣ್ಣಿಗೆ ಬಿದ್ದದ್ದೆಲ್ಲ ಅವರ ಬಾಯಲ್ಲಿ ತತ್ವಪದವಾಯಿತು. ನಮ್ಮ ಕಾಲಕ್ಕೆ ಬಂದರೆ, ಮೈಸೂರಿನಲ್ಲಿ ಭರತನಾಟ್ಯ ಕಲಿತು ಮೈಕ್ರೋಬಯಾಲಜಿ ಓದಿದ ರಘು ದೀಕ್ಷಿತ್ ಕಾಲೇಜು ದಿನಗಳಲ್ಲಿ ಗಿಟಾರನ್ನು ತಾವಾಗಿಯೇ ಕಲಿತರು. ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಈ ಮೂವರ ಕಾಲ ಬೇರೆ, ದಾರಿ ಬೇರೆ. ಆದರೆ ಮೂವರೂ ಜನರೆದುರು ಹಾಡಿದವರು.

ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಅದನ್ನೇ. ಹಾಡು ನೋಟ್‌ಬುಕ್ಕಿನಲ್ಲಿ ಮುಗಿಯುವುದಿಲ್ಲ, ಕೇಳುವವರ ಮುಂದೆ ಮುಗಿಯುತ್ತದೆ. ಮೊದಲು ಒಬ್ಬರು, ಆಮೇಲೆ ಹತ್ತು ಜನ, ಆಮೇಲೆ ಐವತ್ತು. ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತೋಣ.

ಮೊದಲು ಇವಿಷ್ಟು ಜೋಡಿಸಿಕೊಳ್ಳಿ

- ಒಂದು ನೋಟ್‌ಬುಕ್, ಒಂದು ಪೆನ್ಸಿಲ್ (ಹೊಡೆದುಹಾಕುವುದು ಬಹಳ ಇರುತ್ತದೆ)
- ವಾಯ್ಸ್ ರೆಕಾರ್ಡರ್ ಇರುವ ಫೋನ್
- ಫೋನಿನಲ್ಲಿ ಮೂರು ಆ್ಯಪ್: ಟ್ಯೂನರ್, ಮೆಟ್ರೋನೋಮ್, ತಂಬೂರಿ
- ಅಕೌಸ್ಟಿಕ್ ಗಿಟಾರ್, ಒಂದು ಕೇಪೋ, ಮೂರು ನಾಲ್ಕು ಪಿಕ್

ಮೈಕ್, ಸ್ಪೀಕರ್, ಸ್ಟುಡಿಯೋ ಈಗಲೇ ಬೇಡ. ಮೊದಲ ತಿಂಗಳ ಸಂಬಳವನ್ನೆಲ್ಲ ಸಾಮಾನಿಗೆ ಸುರಿದು, ಹಾಡು ಬರೆಯುವುದನ್ನೇ ಮರೆತವರನ್ನು ನೋಡಿದ್ದೇನೆ.

ಹಂತ 1: ಕಣ್ಣಾರೆ ಕಂಡ ಒಂದು ದೃಶ್ಯ ಬರೆಯಿರಿ

ಪ್ರೀತಿ, ಬದುಕು, ಕನಸು ಎಂಬ ದೊಡ್ಡ ಮಾತುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ನಿಂತು ನೋಡಿದ ಒಂದು ಗಳಿಗೆಯನ್ನು ಐದಾರು ಸಾಲಿನಲ್ಲಿ ಬರೆಯಿರಿ. ಪ್ರಾಸ ಬೇಡ, ಲಯ ಬೇಡ, ಪತ್ರ ಬರೆದಂತೆ ಬರೆಯಿರಿ.

ನನ್ನ ಮೊದಲ ಹಾಡು ಹುಟ್ಟಿದ್ದು ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ. ಹುಬ್ಬಳ್ಳಿಗೆ ಹೋಗುವ ಕೊನೆಯ ಬಸ್ಸು ಹೊರಟಿತು, ಮಗನನ್ನು ಹತ್ತಿಸಲು ಬಂದಿದ್ದ ತಾಯಿ ಅಲ್ಲೇ ನಿಂತಿದ್ದಳು. ನೋಟ್‌ಬುಕ್ಕಿನಲ್ಲಿ ಇದ್ದದ್ದು ಇಷ್ಟೇ.

*ಎಚ್ಚರ:* ಸಿನಿಮಾ ಹಾಡುಗಳ ಪದಗಳು ತಾವಾಗಿಯೇ ನುಗ್ಗಿ ಬರುತ್ತವೆ. ನಿಮ್ಮ ಮನೆಯಲ್ಲಿ ಯಾರೂ ಆಡದ ಪದ ಸಾಲಿನಲ್ಲಿ ಕಂಡರೆ ಅದರ ಕೆಳಗೆ ಗೆರೆ ಎಳೆಯಿರಿ. ಬದಲಿ ಪದ ಆಮೇಲೆ ಹುಡುಕೋಣ.

ಹಂತ 2: ಸಾಲಿನ ಮಾತ್ರೆ ಎಣಿಸಿ

ಹೈಸ್ಕೂಲಿನ ಛಂದಸ್ಸಿನ ಪಾಠ ಇಲ್ಲಿ ನಿಜವಾಗಿ ಕೈ ಹಿಡಿಯುತ್ತದೆ. ಮರೆತಿದ್ದರೆ ಮತ್ತೆ ಹೇಳುತ್ತೇನೆ. ಹ್ರಸ್ವ ಅಕ್ಷರಕ್ಕೆ 1 ಮಾತ್ರೆ. ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರಕ್ಕೆ 2. ಸೊನ್ನೆ ಇರುವ ಅಕ್ಷರಕ್ಕೂ 2.

ನನ್ನ ಹಾಡಿನ ಎರಡು ಸಾಲು ನೋಡಿ:

ಕೊನೆಯ | ಬಸ್ಸು | ಹೊರಟು | ಹೋಯ್ತು
ಅವ್ವ | ಮಾತ್ರ | ಅಲ್ಲೆ | ನಿಂತ್ಳು

ಎಣಿಸಿ. ‘ಕೊನೆಯ’ 1+1+1, ‘ಬಸ್ಸು’ 2+1, ‘ಹೊರಟು’ 1+1+1, ‘ಹೋಯ್ತು’ 2+1. ಎರಡೂ ಸಾಲಿನಲ್ಲಿ ಮೂರು ಮಾತ್ರೆಯ ನಾಲ್ಕು ತುಂಡು. ತುಂಡು ಗೊತ್ತಾದರೆ ತಾಳವೂ ಗೊತ್ತಾಯಿತು:

- ಮೂರು ಮೂರು ಮಾತ್ರೆ ಬಂದರೆ ಆರು ಪೆಟ್ಟಿನ ದಾದ್ರಾ ಸುಲಭವಾಗಿ ಕೂರುತ್ತದೆ. ತೊಟ್ಟಿಲು ತೂಗಿದ ಹಾಗಿರುತ್ತದೆ.
- ನಾಲ್ಕು ನಾಲ್ಕು ಬಂದರೆ ಎಂಟು ಪೆಟ್ಟಿನ ಕೆಹರ್ವಾ. ನಡಿಗೆಯ ಹಾಗೆ.
- ಐದೈದು ಬಂದರೆ ಖಂಡ ನಡೆ.
- ಮೂರು, ನಾಲ್ಕು, ಮೂರು, ನಾಲ್ಕು ಎಂದು ಬಂದರೆ ಏಳು ಪೆಟ್ಟು, ಮಿಶ್ರ ನಡೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡಿಗೆಯೂ ಇದೇ. ಹಾಗಾಗಿ ಗಮಕ ಕೇಳಿ ಬೆಳೆದ ಕಿವಿಗೆ ಇದು ಕಷ್ಟವೆನಿಸುವುದಿಲ್ಲ.

ಮೊದಲ ಹಾಡಿಗೆ ಮೂರರದ್ದೋ ನಾಲ್ಕರದ್ದೋ ಸಾಕು.

*ಎಚ್ಚರ:* ಎಲ್ಲ ಸಾಲೂ ಲೆಕ್ಕಕ್ಕೆ ಸರಿಯಾಗಿ ಕೂರಲೇಬೇಕೆಂದು ಹಟ ಹಿಡಿಯಬೇಡಿ. ಒಂದು ಮಾತ್ರೆ ಹೆಚ್ಚು ಕಡಿಮೆಯಾದರೆ ಹಾಡುವಾಗ ತುಂಬಿಕೊಳ್ಳಬಹುದು. ಆದರೆ ಮೂರು ಮಾತ್ರೆ ಹೆಚ್ಚಾದರೆ ನಾಲಗೆ ಎಡವುತ್ತದೆ. ಆಗ ಪದ ಬದಲಿಸಿ.

ಹಂತ 3: ಮಾತನ್ನು ಜೋರಾಗಿ ಓದಿ, ಓದುತ್ತಲೇ ಧಾಟಿ ಹಿಡಿಯಿರಿ

ಮಟ್ಟು ಎಲ್ಲಿಂದ ತರುವುದು ಎಂದು ಎಲ್ಲರೂ ಕೇಳುತ್ತಾರೆ. ಸಾಲಿನೊಳಗಿಂದಲೇ ತನ್ನಿ. ಸಾಲನ್ನು ಹತ್ತು ಸಲ ಜೋರಾಗಿ ಓದಿ, ಯಾರಿಗೋ ಹೇಳುತ್ತಿರುವಂತೆ. ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಗಮನಿಸಿ. ಆ ಏರಿಳಿತವನ್ನು ಸ್ವಲ್ಪ ಎಳೆದರೆ ಅದೇ ಧಾಟಿ. ಹಿಂದೆ ತಂಬೂರಿ ಆ್ಯಪ್ ಹಾಕಿಕೊಂಡು ಗುನುಗಿ, ಫೋನಿನಲ್ಲಿ ರೆಕಾರ್ಡ್ ಮಾಡಿ.

ರೆಕಾರ್ಡ್ ಮಾಡಿದ ತುಣುಕಿಗೆ ಆಗಲೇ ಹೆಸರು ಕೊಡಿ: ‘ಬಸ್ಸಿನ ಹಾಡು, ಪಲ್ಲವಿ 2, ನಿಧಾನ’. ‘ನ್ಯೂ ರೆಕಾರ್ಡಿಂಗ್ 47’ ಎಂದು ಬಿಟ್ಟರೆ ನಾಳೆ ಸಿಗುವುದಿಲ್ಲ.

*ಎಚ್ಚರ:* ಹ್ರಸ್ವವನ್ನು ಎಳೆದರೆ ಕನ್ನಡದಲ್ಲಿ ಅರ್ಥವೇ ಬದಲಾಗುತ್ತದೆ. ‘ಬಳೆ’ಯನ್ನು ಎಳೆದರೆ ‘ಬಾಳೆ’, ‘ಮಲೆ’ಯನ್ನು ಎಳೆದರೆ ‘ಮಾಲೆ’. ಉದ್ದ ಸ್ವರ ಬೇಕಾದ ಕಡೆ ದೀರ್ಘಾಕ್ಷರವಿರುವ ಪದ ಇಡಿ, ಇಲ್ಲವೇ ಪದದ ಕೊನೆಯ ಅಕ್ಷರವನ್ನು ಎಳೆಯಿರಿ.

ಹಂತ 4: ಪಲ್ಲವಿ ಒಂದು, ಚರಣ ಮೂರು. ಇಷ್ಟರಲ್ಲಿ ಮುಗಿಸಿ

ಪಲ್ಲವಿ ಎರಡು ಸಾಲು. ಮತ್ತೆ ಮತ್ತೆ ಬರುವುದು ಇದೇ, ಹಾಗಾಗಿ ಕೇಳಿದವರಿಗೆ ಎರಡನೇ ಸಲಕ್ಕೇ ಬಾಯಿಗೆ ಬರುವಂತಿರಲಿ. ಚರಣ ನಾಲ್ಕು ಸಾಲು. ಉತ್ತರ ಕರ್ನಾಟಕದಲ್ಲಿ ಇದನ್ನು ‘ನುಡಿ’ ಅನ್ನುತ್ತಾರೆ. ಪ್ರತಿ ಚರಣ ಹಾಡನ್ನು ಒಂದು ಹೆಜ್ಜೆ ಮುಂದೆ ಒಯ್ಯಬೇಕು. ಮೊದಲನೆಯದರಲ್ಲಿ ಜಾಗ ತೋರಿಸಿ. ಎರಡನೆಯದರಲ್ಲಿ ಏನಾಯಿತು ಹೇಳಿ. ಮೂರನೆಯದರಲ್ಲಿ ಅದರಿಂದ ಏನು ಬದಲಾಯಿತು ಹೇಳಿ. ಎಲ್ಲ ಸೇರಿ ಮೂರೂವರೆಯಿಂದ ನಾಲ್ಕು ನಿಮಿಷ.

ಮೂರನೇ ಚರಣ ಸಿಗದಿದ್ದರೆ ಚಿಂತೆ ಬೇಡ. ಎರಡೇ ಚರಣದೊಂದಿಗೆ ಮುಂದಿನ ಹಂತಕ್ಕೆ ಬನ್ನಿ. ನನಗೂ ಆಗ ಎರಡೇ ಸಿಕ್ಕಿದ್ದವು.

ಹಂತ 5: ನಿಮ್ಮ ಶ್ರುತಿ ಹುಡುಕಿ, ಕೇಪೋ ಹಾಕಿ

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಗಿಟಾರಿನಲ್ಲಿ ಕೈಗೆ ಸುಲಭವಾದ ಶ್ರುತಿಯಲ್ಲೇ ಹಾಡಲು ಹೋಗಿ ಗಂಟಲು ಕಟ್ಟಿಸಿಕೊಳ್ಳುತ್ತಾರೆ. ಶ್ರುತಿ ಗಂಟಲಿಗೆ ಹೊಂದಬೇಕು, ಕೈ ಅದನ್ನು ಹಿಂಬಾಲಿಸಬೇಕು.

ಹೀಗೆ ಮಾಡಿ. ಹಾಡಿನ ಅತಿ ಕೆಳಗಿನ ಸ್ವರ ಎಲ್ಲಿದೆ, ಅತಿ ಮೇಲಿನದು ಎಲ್ಲಿದೆ ಗುರುತು ಹಾಕಿ. ತಂಬೂರಿ ಆ್ಯಪ್‌ನಲ್ಲಿ ಒಂದೊಂದೇ ಶ್ರುತಿ ಬದಲಿಸುತ್ತ ಆ ಎರಡು ಜಾಗಗಳನ್ನು ಮಾತ್ರ ಹಾಡಿ. ಕೆಳಗಿನ ಸ್ವರ ಕೇಳಿಸುವಂತಿರಬೇಕು, ಮೇಲಿನದಕ್ಕೆ ಕುತ್ತಿಗೆಯ ನರ ಬಿಗಿಯಬಾರದು. ಎರಡೂ ಒಪ್ಪಿದ ಕಡೆ ನಿಮ್ಮ ಶ್ರುತಿ.

ಸಂಗೀತದವರು ಇದನ್ನು ‘ಮನೆ’ಯ ಲೆಕ್ಕದಲ್ಲಿ ಹೇಳುತ್ತಾರೆ, ಗಿಟಾರಿನವರು ಇಂಗ್ಲಿಷ್ ಅಕ್ಷರದಲ್ಲಿ. ಒಂದು ಮನೆ ಎಂದರೆ ‘ಸಿ’, ಎರಡು ‘ಡಿ’, ಮೂರು ‘ಇ’, ನಾಲ್ಕು ‘ಎಫ್’, ಐದು ‘ಜಿ’, ಆರು ‘ಎ’. ಒಂದೂವರೆ ‘ಸಿ ಶಾರ್ಪ್’, ಎರಡೂವರೆ ‘ಡಿ ಶಾರ್ಪ್’, ಐದೂವರೆ ‘ಜಿ ಶಾರ್ಪ್’.

ಕೇಪೋ ಒಂದು ಫ್ರೆಟ್ ಮೇಲೆ ಹೋದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಕೈ ಹಿಡಿತ ಮಾತ್ರ ಅದೇ:

- ಒಂದೂವರೆ ಮನೆ: 1ನೇ ಫ್ರೆಟ್ಟಿಗೆ ಕೇಪೋ, ‘ಸಿ’ ಹಿಡಿತ
- ಎರಡೂವರೆ ಮನೆ: 3ನೇ ಫ್ರೆಟ್ಟಿಗೆ ಕೇಪೋ, ‘ಸಿ’ ಹಿಡಿತ
- ಐದೂವರೆ ಮನೆ: 1ನೇ ಫ್ರೆಟ್ಟಿಗೆ ಕೇಪೋ, ‘ಜಿ’ ಹಿಡಿತ
- ಆರು ಮನೆ: 2ನೇ ಫ್ರೆಟ್ಟಿಗೆ ಕೇಪೋ, ‘ಜಿ’ ಹಿಡಿತ

*ಎಚ್ಚರ:* ಕೇಪೋ ಹಾಕಿದ ಮೇಲೆ ತಂತಿಗಳ ಶ್ರುತಿ ತುಸು ಏರುಪೇರಾಗುತ್ತದೆ. ಪ್ರತಿ ಸಲವೂ ಟ್ಯೂನರ್ ನೋಡಿ.

ಹಂತ 6: ಒಬ್ಬರ ಮುಂದೆ ಹಾಡಿ

ಈಗ ಹಾಡನ್ನು ಒಬ್ಬರಿಗೆ ಕೇಳಿಸಿ. ಒಬ್ಬರಿಗೇ. ನಿಮ್ಮನ್ನು ಪ್ರೀತಿಸುವವರು, ಆದರೆ ಸುಮ್ಮನೆ ಹೊಗಳದವರು. ವಾಟ್ಸಾಪಿನಲ್ಲಿ ಕಳಿಸಬೇಡಿ, ಎದುರು ಕೂತು ಹಾಡಿ. ಹಾಡುವ ಮೊದಲು ವಿವರಣೆ ಕೊಡಬೇಡಿ. ಮುಗಿದ ಮೇಲೆ ‘ಹೇಗಿತ್ತು?’ ಎನ್ನಬೇಡಿ, ‘ಚೆನ್ನಾಗಿತ್ತು’ ಎನ್ನುವುದಲ್ಲದೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ಈ ಮೂರು ಪ್ರಶ್ನೆ ಕೇಳಿ:

- ಯಾವ ಸಾಲು ನೆನಪಿದೆ?
- ಎಲ್ಲಿ ಗಮನ ಬೇರೆ ಕಡೆ ಹೋಯಿತು?
- ಏನು ಅರ್ಥವಾಗಲಿಲ್ಲ?

ನಾನು ಹಾಡಿದ್ದು ಅಕ್ಕನ ಅಡುಗೆಮನೆಯಲ್ಲಿ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ ಅಂದದ್ದು ಒಂದೇ ಮಾತು: “ಆಮ್ಯಾಗ ಅವ್ವ ಮನಿಗಿ ಹೆಂಗ್ ಹೋದ್ಲು?” ಅದು ನನಗೂ ಗೊತ್ತಿರಲಿಲ್ಲ. ಮಗನ ಬಸ್ಸಿನ ಹಿಂದೆಯೇ ನನ್ನ ಹಾಡೂ ಹೊರಟುಹೋಗಿತ್ತು, ತಾಯಿಯನ್ನು ನಾನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟಿದ್ದೆ. ಆ ರಾತ್ರಿಯೇ ಮೂರನೇ ಚರಣ ಬಂತು: ಕತ್ತಲಲ್ಲಿ ಅವಳು ನಡೆದು ಮನೆ ಸೇರುವುದು. ಇವತ್ತಿಗೂ ಜನ ನೆನಪಿಡುವುದು ಆ ಚರಣವನ್ನೇ.

ಎರಡನೇ ಸಲ ಕೇಳಿ ಅಕ್ಕ ಇನ್ನೊಂದು ಮಾತು ಅಂದಳು: “ಮೂರನೇ ನುಡಿ ಯಾಕ ಅಷ್ಟ್ ಓಡಸ್ತಿ?” ಅದರ ಬೆಲೆ ಆಗ ನನಗೆ ಪೂರ್ತಿ ತಿಳಿದಿರಲಿಲ್ಲ.

ಹಂತ 7: ಹಾಡು ನಿಮ್ಮದೆಂದು ದಾಖಲಿಸಿಡಿ

ವಚನಕಾರರು, ದಾಸರು ಕೊನೆಯಲ್ಲಿ ಅಂಕಿತ ಹಾಕುತ್ತಿದ್ದರು. ಕಟ್ಟಿದವರು ಯಾರೆಂದು ಅದರಿಂದಲೇ ತಿಳಿಯುತ್ತಿತ್ತು. ಈಗ ಆ ಕೆಲಸಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಹಾಡನ್ನು ಬರೆದಿಟ್ಟ, ರೆಕಾರ್ಡ್ ಮಾಡಿದ ಗಳಿಗೆಯಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ, ಬೇಕಿದ್ದರೆ ಮಾಡಿಸಬಹುದು. ಸಾಹಿತ್ಯ ಒಂದು ಕೃತಿ, ರಾಗ ಸಂಯೋಜನೆ ಇನ್ನೊಂದು. ಗೆಳೆಯರು ಮಟ್ಟು ಹಾಕಿದ್ದರೆ ಯಾರ ಪಾಲು ಎಷ್ಟು ಎಂಬುದನ್ನು ಇವತ್ತೇ ಬರೆದು ಇಬ್ಬರೂ ಸಹಿ ಹಾಕಿ. ಹಾಡು ಹೆಸರಾದ ಮೇಲೆ ಆ ಮಾತು ಎತ್ತುವುದು ಕಷ್ಟ.

ಪೂರ್ತಿ ಹಾಡಿನ ರೆಕಾರ್ಡಿಂಗ್ ಮತ್ತು ಸಾಹಿತ್ಯವನ್ನು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ದಿನಾಂಕ ಉಳಿಯುತ್ತದೆ. ಹಾಡು ಹೊರಬಂದ ಮೇಲೆ ಐಪಿಆರ್‌ಎಸ್ ಸದಸ್ಯತ್ವದ ಬಗ್ಗೆ ತಿಳಿದುಕೊಳ್ಳಿ. ಗೀತರಚನಕಾರರಿಗೂ ಸಂಯೋಜಕರಿಗೂ ರಾಯಲ್ಟಿ ಸಂಗ್ರಹಿಸಿ ಕೊಡುವ ಈ ಸಂಸ್ಥೆ 1969ರಿಂದ ಇದೆ.

*ಎಚ್ಚರ:* ಕವಿಗಳ ಪದ್ಯಕ್ಕೆ ಮಟ್ಟು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಕವಿಯ ನಿಧನದ ನಂತರ 60 ವರ್ಷ ಹಕ್ಕು ವಾರಸುದಾರರದ್ದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041 ಮುಗಿಯುವವರೆಗೆ ಅನುಮತಿ ಬೇಕು. ಕುವೆಂಪು ಅವರದು 1994, ಅಂದರೆ 2054ರವರೆಗೆ. ವಚನ, ದಾಸರ ಪದ, ಶರೀಫರ ಪದ ಎಲ್ಲರದ್ದೂ. ಆದರೆ ಶರೀಫರ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ಮಟ್ಟು ಅಶ್ವತ್ಥ್ ಅವರ ಕೃತಿ. ಪದ ತೆಗೆದುಕೊಳ್ಳಿ, ಮಟ್ಟು ನೀವೇ ಕಟ್ಟಿ.

ಹಂತ 8: ಎದ್ದು ನಿಂತು ಅಭ್ಯಾಸ ಮಾಡಿ

ಹಾಸಿಗೆಯ ಮೇಲೆ ಕೂತು ಹಾಡಿದ ಹಾಡು ವೇದಿಕೆಯಲ್ಲಿ ಬೇರೆಯದೇ ಆಗುತ್ತದೆ. ಗಿಟಾರ್ ಸ್ಟ್ರಾಪ್ ಹಾಕಿ ನಿಂತುಕೊಳ್ಳಿ. ಎದುರಿಗೆ ಫೋನ್ ಇಟ್ಟು ವೀಡಿಯೋ ಹಾಕಿ. ತಪ್ಪಾದರೂ ನಿಲ್ಲಿಸದೆ ಕೊನೆಯವರೆಗೆ ಹಾಡಿ. ಇದೇ ನಿಜವಾದ ಅಭ್ಯಾಸ. ತಪ್ಪಿದಾಗಲೆಲ್ಲ ಮೊದಲಿನಿಂದ ಶುರು ಮಾಡಿದರೆ ಪಲ್ಲವಿ ಮಾತ್ರ ಪಕ್ಕಾ ಆಗುತ್ತದೆ, ಕೊನೆಯ ಚರಣ ಹಸಿಯಾಗಿಯೇ ಉಳಿಯುತ್ತದೆ.

ಮೆಟ್ರೋನೋಮ್ ಹಚ್ಚಿ ಹಾಡಿನ ವೇಗವನ್ನು ಅಂಕಿಯಲ್ಲಿ ಬರೆದಿಡಿ. ವೇದಿಕೆಯಲ್ಲಿ ಎದೆ ಬಡಿತ ಏರಿದಾಗ ಹಾಡೂ ಓಡುತ್ತದೆ. ಹತ್ತುವ ಮೊದಲು ಆ ಅಂಕಿಯ ವೇಗವನ್ನು ಒಮ್ಮೆ ಕೇಳಿಸಿಕೊಂಡರೆ ಹಿಡಿತ ಸಿಗುತ್ತದೆ.

ಹಂತ 9: ಓಪನ್ ಮೈಕ್‌ಗೆ ಹೋಗಿ, ಮೊದಲ ಸಲ ಕೇಳಲು ಮಾತ್ರ

ಓಪನ್ ಮೈಕ್ ಎಂದರೆ ಯಾರು ಬೇಕಾದರೂ ಹೆಸರು ಬರೆಸಿ ಹಾಡಬಹುದಾದ ಸಂಜೆ. ಸಾಮಾನ್ಯವಾಗಿ ಒಬ್ಬರಿಗೆ ಐದರಿಂದ ಹತ್ತು ನಿಮಿಷ. ಬೆಂಗಳೂರು, ಮೈಸೂರು, ಮಂಗಳೂರಿನ ಕೆಫೆಗಳಲ್ಲಿ ನಡೆಯುತ್ತವೆ. ಅಟ್ಟ ಗಲಾಟದಂಥ ಪುಸ್ತಕದಂಗಡಿಗಳು ಕವಿತೆ, ಹಾಡಿನ ಸಂಜೆಗಳಿಗೆ ಜಾಗ ಕೊಟ್ಟಿವೆ. ಜೂನ್ 21ರ ವಿಶ್ವ ಸಂಗೀತ ದಿನಕ್ಕೆ ಹೊಸಬರಿಗೆ ಅವಕಾಶ ಹೆಚ್ಚು.

ಊರಲ್ಲಿ ಇದ್ಯಾವುದೂ ಇಲ್ಲವೇ? ಗಣೇಶನ ಪೆಂಡಾಲಿದೆ, ಹಳೆ ವಿದ್ಯಾರ್ಥಿಗಳ ಸಭೆಯಿದೆ, ರಂಗತಂಡದ ತಾಲೀಮಿನ ಕೋಣೆಯಿದೆ, ಗ್ರಂಥಾಲಯವಿದೆ. ನವೆಂಬರ್ ಬಂದರೆ ರಾಜ್ಯೋತ್ಸವಕ್ಕೆ ಓಣಿ ಓಣಿಯಲ್ಲೂ ವೇದಿಕೆ ಏಳುತ್ತದೆ. ಹೊರನಾಡಿನಲ್ಲಿದ್ದರೆ ಅಲ್ಲಿನ ಕನ್ನಡ ಸಂಘದವರನ್ನು ಕೇಳಿ. ಎಲ್ಲರಿಗೂ ಗೊತ್ತಿರುವ ಒಂದು ಹಾಡು, ಆಮೇಲೆ ನಿಮ್ಮದೊಂದು ಎಂದರೆ ಬೇಡ ಎನ್ನುವವರು ಕಡಿಮೆ.

ಮೊದಲ ಸಲ ಸುಮ್ಮನೆ ಹೋಗಿ ಕೂತು ಕೇಳಿ. ಮೈಕ್ ಎಷ್ಟಿವೆ? ಗಿಟಾರಿಗೆ ಕೇಬಲ್ ಕೊಡುತ್ತಾರೆಯೇ? ಜನ ಕೇಳುತ್ತಾರೋ, ಮಾತಾಡುತ್ತಿರುತ್ತಾರೋ? ಬರುವಾಗ ಮುಂದಿನ ವಾರಕ್ಕೆ ಹೆಸರು ಬರೆಸಿ ಬನ್ನಿ.

ಹಂತ 10: ಹಿಂದಿನ ರಾತ್ರಿಯೇ ಚೀಲ ಕಟ್ಟಿ

- ಗಿಟಾರ್ ಕೇಬಲ್, ನಿಮ್ಮದೇ ಒಂದು
- ಪಿಕ್‌ಅಪ್ ಇರುವ ಗಿಟಾರ್ ಆದರೆ ಅದಕ್ಕೆ ಹಾಕುವ ಬ್ಯಾಟರಿ, ಹೊಸದು (ಹೆಚ್ಚಿನವಕ್ಕೆ 9 ವೋಲ್ಟಿನದು)
- ಒಂದು ಸೆಟ್ ತಂತಿ, ಕೇಪೋ, ಪಿಕ್
- ದೊಡ್ಡ ಅಕ್ಷರದಲ್ಲಿ ಬರೆದ ಸಾಹಿತ್ಯ, ಒಂದೇ ಹಾಳೆಯಲ್ಲಿ
- ಉಗುರುಬೆಚ್ಚಗಿನ ನೀರು

*ಎಚ್ಚರ:* ಕಾರ್ಯಕ್ರಮದ ದಿನವೇ ಹೊಸ ತಂತಿ ಹಾಕಬೇಡಿ, ಶ್ರುತಿ ನಿಲ್ಲುವುದಿಲ್ಲ. ಎರಡು ದಿನ ಮೊದಲು ಹಾಕಿ, ನುಡಿಸಿ ಹದ ಮಾಡಿಡಿ. ಕೇಬಲ್ಲನ್ನು ಗಿಟಾರಿಗೆ ಸಿಕ್ಕಿಸಿಯೇ ಬಿಡಬೇಡಿ, ಬ್ಯಾಟರಿ ಖಾಲಿಯಾಗುತ್ತದೆ. ನನ್ನ ಎರಡನೇ ಕಾರ್ಯಕ್ರಮದಲ್ಲಿ ಮೊದಲ ಹಾಡಿನ ನಡುವೆಯೇ ಗಿಟಾರ್ ಸದ್ದು ನಿಂತುಹೋಯಿತು. ಉಳಿದದ್ದನ್ನು ಚಪ್ಪಾಳೆಯ ತಾಳದಲ್ಲೇ ಹಾಡಿ ಮುಗಿಸಿದೆ. ಅಂದಿನಿಂದ ಚೀಲದಲ್ಲಿ ಸದಾ ಒಂದು ಬ್ಯಾಟರಿ ಇರುತ್ತದೆ.

ಹಂತ 11: ಸೌಂಡ್ ಚೆಕ್‌ನಲ್ಲಿ ಬಾಯಿಬಿಟ್ಟು ಕೇಳಿ

ಸೌಂಡ್ ಎಂಜಿನಿಯರ್ ಹೆಸರು ಕೇಳಿ, ಹೆಸರು ಹಿಡಿದೇ ಮಾತಾಡಿಸಿ. ಮೊದಲು ಗಿಟಾರ್ ಮಾತ್ರ ನುಡಿಸಿ. ಆಮೇಲೆ ದನಿ ಮಾತ್ರ. ಆಮೇಲೆ ಎರಡೂ. ಹಾಡಿನ ಅತಿ ಜೋರಾದ ಜಾಗವನ್ನೇ ಹಾಡಿ ತೋರಿಸಿ. ಪಿಸುದನಿಯಲ್ಲಿ ‘ಹಲೋ ಚೆಕ್’ ಎಂದು ಮುಗಿಸಿದರೆ ಹಾಡುವಾಗ ಎಲ್ಲ ತಲೆಕೆಳಗಾಗುತ್ತದೆ.

ನಿಮ್ಮ ಕಡೆ ಮುಖ ಮಾಡಿದ ಸ್ಪೀಕರ್ ಮಾನಿಟರ್. ನಿಮ್ಮ ದನಿ ನಿಮಗೆ ಕೇಳದಿದ್ದರೆ ಸಂಕೋಚ ಬೇಡ, ‘ಮಾನಿಟರ್‌ನಲ್ಲಿ ವಾಯ್ಸ್ ಸ್ವಲ್ಪ ಜಾಸ್ತಿ ಕೊಡಿ’ ಎನ್ನಿ. ದನಿ ಬಾವಿಯೊಳಗಿಂದ ಬಂದಂತಿದ್ದರೆ ‘ರಿವರ್ಬ್ ಕಡಿಮೆ ಮಾಡಿ’ ಎನ್ನಿ. ಮಾತು ಸ್ಪಷ್ಟವಾಗಿ ಕೇಳಿದರೆ ತಾನೇ ನಿಮ್ಮ ಹಾಡು ಅವರಿಗೆ ಮುಟ್ಟುವುದು?

*ಎಚ್ಚರ:* ಕೇಬಲ್ ತೆಗೆಯುವ ಮೊದಲು ಚಾನೆಲ್ ಮ್ಯೂಟ್ ಮಾಡಲು ಹೇಳಿ. ಇಲ್ಲದಿದ್ದರೆ ಸ್ಪೀಕರ್ ‘ಢಬ್’ ಎನ್ನುತ್ತದೆ. ಗಿಟಾರಿಗೆ ಪಿಕ್‌ಅಪ್ ಇಲ್ಲದಿದ್ದರೆ ಮೈಕನ್ನು 12ನೇ ಫ್ರೆಟ್ಟಿನ ಕಡೆ, ಒಂದು ಗೇಣು ದೂರದಲ್ಲಿ ಇಡಿಸಿ. ನಡುವಿನ ತೂತಿಗೆ ನೇರವಾಗಿ ಇಟ್ಟರೆ ಗುಂಯ್‌ಗುಡುತ್ತದೆ.

ಹಂತ 12: ಮೈಕ್ ಮುಂದೆ ನಿಂತು ಹಾಡಿ

ಬಾಯಿಗೂ ಮೈಕಿಗೂ ಮೂರು ಬೆರಳಿನಷ್ಟು ದೂರ. ಜೋರಾಗಿ ಹಾಡುವಾಗ ಸ್ವಲ್ಪ ಹಿಂದೆ ಸರಿಯಿರಿ. ಮೈಕಿನ ಜಾಳಿಗೆಯನ್ನು ಕೈಯಿಂದ ಮುಚ್ಚಬೇಡಿ, ಮಾನಿಟರ್ ಕಡೆ ತಿರುಗಿಸಬೇಡಿ. ಎರಡರಿಂದಲೂ ‘ಕೂಯ್’ ಎಂಬ ಫೀಡ್‌ಬ್ಯಾಕ್ ಬರುತ್ತದೆ. ಪ, ಬ, ಭ ಅಕ್ಷರಗಳಿಗೆ ಗಾಳಿ ಹೊಡೆಯುತ್ತಿದ್ದರೆ ಮೈಕನ್ನು ತುಸು ಓರೆ ಮಾಡಿ.

ಶುರುವಿಗೆ ಎರಡೇ ವಾಕ್ಯ: ನಿಮ್ಮ ಹೆಸರು, ಹಾಡು ಎಲ್ಲಿ ಹುಟ್ಟಿತು. ‘ತಪ್ಪಾದರೆ ಕ್ಷಮಿಸಿ’, ‘ಗಂಟಲು ಸರಿಯಿಲ್ಲ’ ಎನ್ನಬೇಡಿ. ಕೇಳುವವರು ತಪ್ಪು ಹುಡುಕಲು ಬಂದಿರುವುದಿಲ್ಲ, ನಾವೇ ಹುಡುಕಲು ಹಚ್ಚುತ್ತೇವೆ.

ಕೈ ನಡುಗಬಹುದು, ಬಾಯಿ ಒಣಗಬಹುದು. ಭಯಪಡಬೇಡಿ, ಅದು ಎಲ್ಲರಿಗೂ ಆಗುತ್ತದೆ. ಸಾಲು ಮರೆತರೆ ಗಿಟಾರ್ ನಿಲ್ಲಿಸಬೇಡಿ. ಅದೇ ಕಾರ್ಡ್ಸ್ ಒಂದು ಸುತ್ತು ನುಡಿಸಿ ಪಲ್ಲವಿಗೆ ಮರಳಿ. ಹಾಡು ನಿಮ್ಮದು, ಮೂಲ ಹೇಗಿತ್ತೆಂದು ಅಲ್ಲಿ ನಿಮ್ಮೊಬ್ಬರಿಗೇ ಗೊತ್ತು.

ಮುಗಿದ ಮೇಲೆ ಗಿಟಾರ್ ಎತ್ತಿಕೊಂಡು ಹೊರಡಬೇಡಿ. ಕೊನೆಯವರು ಹಾಡುವವರೆಗೂ ಕೂತು ಕೇಳಿ. ನಿಮಗೆ ಕೇಳುಗರು ಬೇಕಿದ್ದಂತೆ ಅವರಿಗೂ ಬೇಕು.

ಹಂತ 13: ನಿಮ್ಮದೇ ಒಂದು ಬೈಠಕ್ ನಡೆಸಿ

ನಾಲ್ಕೈದು ಓಪನ್ ಮೈಕ್ ಆದ ಮೇಲೆ, ಐದಾರು ಸ್ವಂತ ಹಾಡು ಕೈಗೆ ಬಂದ ಮೇಲೆ, ಗೆಳೆಯರ ಮನೆಯ ಹಜಾರವನ್ನೋ ಮಹಡಿಯನ್ನೋ ಕೇಳಿ. ಜಮಖಾನ ಹಾಸಿ. ಇಪ್ಪತ್ತು ಜನ, ನಲವತ್ತು ನಿಮಿಷ, ಕೊನೆಗೆ ಚಹಾ, ಮಂಡಕ್ಕಿ. ಇಷ್ಟಕ್ಕೆ ಮೈಕೂ ಬೇಡ. ಸ್ಪೀಕರ್ ಇಡುವುದಾದರೆ ನೆನಪಿರಲಿ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ.

ಹಾಡುಗಳ ಕ್ರಮ ಹೀಗಿಡಿ. ಕೈಗೆ ಚೆನ್ನಾಗಿ ಕೂತ ಹಾಡು ಮೊದಲು. ಹೊಚ್ಚ ಹೊಸದು ನಡುವೆ. ನಿಧಾನದ ಎರಡು ಹಾಡು ಒಟ್ಟಿಗೆ ಬೇಡ. ಎಲ್ಲರೂ ಸೇರಿ ಹಾಡಬಹುದಾದ ಪಲ್ಲವಿ ಕೊನೆಗೆ. ಕೇಪೋ ಪದೇ ಪದೇ ಬದಲಿಸುವುದು ತಪ್ಪುವಂತೆ ಒಂದೇ ಶ್ರುತಿಯ ಹಾಡುಗಳನ್ನು ಪಕ್ಕಪಕ್ಕ ಇಡಿ.

ಹಂತ 14: ಕರೆದವರ ಜೊತೆ ಮೊದಲೇ ಮಾತಾಡಿಕೊಳ್ಳಿ

ಬೈಠಕ್ ಕೇಳಿದವರಲ್ಲಿ ಯಾರೋ ಒಬ್ಬರು ‘ನಮ್ಮಲ್ಲೂ ಬಂದು ಹಾಡಿ’ ಎನ್ನುತ್ತಾರೆ. ಒಪ್ಪುವ ಮೊದಲು ನಾಲ್ಕು ವಿಷಯ ಕೇಳಿ: ಎಷ್ಟು ನಿಮಿಷ, ಸೌಂಡ್ ಯಾರದು, ಸಂಭಾವನೆ ಎಷ್ಟು, ಬಸ್ಸು–ಊಟ–ವಸತಿ ಯಾರ ಖರ್ಚು. ಉತ್ತರವನ್ನು ಒಂದು ಮೆಸೇಜಿನಲ್ಲಿ ಬರೆದು ಕಳಿಸಿ, ‘ಸರಿ’ ಎಂಬ ಮರುಮಾತು ಬರುವವರೆಗೆ ಕಾಯಿರಿ. ಹಣದ ಮಾತು ಕಲೆಗೆ ಕುಂದಲ್ಲ. ಮೊದಲ ಒಂದೆರಡು ಕಡೆ ದುಡ್ಡಿಲ್ಲದೆ ಹಾಡಿದರೂ ಪ್ರಯಾಣದ ಖರ್ಚನ್ನಾದರೂ ಕೇಳಿ.

ಹಂತ 15: ಒಂದು ಹಾಡು ರೆಕಾರ್ಡ್ ಮಾಡಿ ಬಿಡುಗಡೆ ಮಾಡಿ

ಇಷ್ಟು ಜನರ ಮುಂದೆ ಹಾಡಿದ ಮೇಲೆ ಹಾಡಿನ ಓರೆಕೋರೆ ತಿದ್ದಿರುತ್ತದೆ. ರೆಕಾರ್ಡಿಂಗಿಗೆ ಈಗ ಸಮಯ. ಆಡಾಸಿಟಿ, ಬ್ಯಾಂಡ್‌ಲ್ಯಾಬ್, ಆ್ಯಪಲ್‌ನವರಿಗೆ ಗ್ಯಾರೇಜ್‌ಬ್ಯಾಂಡ್, ಮೂರೂ ಉಚಿತ. ಬಟ್ಟೆ ತುಂಬಿದ ಬೀರು ಇರುವ ಚಿಕ್ಕ ಕೋಣೆ ಆರಿಸಿ, ಬಟ್ಟೆ ಪ್ರತಿಧ್ವನಿಯನ್ನು ಹೀರುತ್ತದೆ. ಫ್ಯಾನ್ ಆಫ್ ಮಾಡಿ.

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್‌ಗೆ ಹಾಡು ತಲುಪಿಸಲು ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥ ವಿತರಕರಿದ್ದಾರೆ. ಹಾಡಿನ ಫೈಲ್ ಎಂಪಿ3 ಬದಲು ವೇವ್ ರೂಪದಲ್ಲಿರಲಿ. ಮುಖಚಿತ್ರ 3000×3000 ಪಿಕ್ಸೆಲ್ ಇರಲಿ. ಭಾಷೆಯ ಜಾಗದಲ್ಲಿ ‘ಕನ್ನಡ’ ಆರಿಸಲು ಮರೆಯಬೇಡಿ. ಬಿಡುಗಡೆಗೆ ನಾಲ್ಕು ವಾರ ಮುಂಚೆಯೇ ಅಪ್‌ಲೋಡ್ ಮಾಡಿ. ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡನ್ನು ಸೂಚಿಸಲು ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಅರ್ಜಿ ಹಾಕಬೇಕು, ನಾಳೆ ಬಿಡುಗಡೆ ಎಂದು ಇವತ್ತು ಹಾಕಿದರೆ ಆ ಅವಕಾಶ ತಪ್ಪುತ್ತದೆ.

ಹಂತ 16: ಅದೇ ರಾತ್ರಿ ಮೊದಲ ಕೇಳುಗರಿಗೆ ಫೋನ್ ಮಾಡಿ

ಪ್ರತಿ ಕಾರ್ಯಕ್ರಮದ ರಾತ್ರಿ ಮಲಗುವ ಮೊದಲು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ಜನ ಎಲ್ಲಿ ಹತ್ತಿರ ಬಂದರು, ಎಲ್ಲಿ ದೂರ ಹೋದರು, ಮುಂದಿನ ಸಲ ಏನು ಬದಲಿಸಬೇಕು. ಆಮೇಲೆ 6ನೇ ಹಂತದಲ್ಲಿ ನಿಮ್ಮ ಹಾಡು ಕೇಳಿದ್ದ ಆ ಒಬ್ಬರಿಗೆ ಫೋನ್ ಮಾಡಿ. ವೇದಿಕೆ ದೊಡ್ಡದಾದಂತೆ ಚಪ್ಪಾಳೆ ಹೆಚ್ಚುತ್ತದೆ, ನಿಜ ಹೇಳುವವರು ಕಡಿಮೆಯಾಗುತ್ತಾರೆ. ಆ ಒಬ್ಬರು ಮಾತ್ರ ಹಾಗೇ ಇರುತ್ತಾರೆ.

ಮೊದಲ ಓಪನ್ ಮೈಕ್ ದಿನ ಅಕ್ಕನಿಗೆ ಫೋನ್ ಮಾಡಿದೆ. ಎಷ್ಟು ಜನ ಇದ್ದರು, ಚಪ್ಪಾಳೆ ಬಂತಾ ಎಂದು ಅವಳು ಕೇಳಲಿಲ್ಲ. “ಮೂರನೇ ನುಡಿ ಓಡಿಸಿದ್ಯೇನು?” ಎಂದಳು. ಓಡಿಸಿದ್ದೆ. ಕತ್ತಲಲ್ಲಿ ಒಬ್ಬಳೇ ನಡೆದು ಹೋಗುವ ತಾಯಿಯನ್ನು ಅವಸರದಲ್ಲಿ ದಾಟಿ ಬಂದಿದ್ದೆ. ಅವತ್ತಿನಿಂದ ಆ ಚರಣ ಬಂದಾಗ ಗಿಟಾರ್ ಕೈ ತಡೆದು, ಒಂದು ಉಸಿರು ತೆಗೆದುಕೊಂಡು, ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ಹಾಡುತ್ತೇನೆ.

ಈಗ ನಿಮ್ಮ ಫೋನ್ ತೆಗೆಯಿರಿ. ಆ ತುಣುಕುಗಳಲ್ಲಿ ಒಂದನ್ನು ಆರಿಸಿ ಹೆಸರು ಕೊಡಿ. ಪಕ್ಕದಲ್ಲೇ, ಅದನ್ನು ಮೊದಲು ಯಾರಿಗೆ ಕೇಳಿಸುತ್ತೀರೋ ಅವರ ಹೆಸರನ್ನೂ ಬರೆಯಿರಿ.